ತಿಳಿವು, ನೀತಿ, ನೆಮ್ಮದಿ: ಗ್ರೀಕ್ ತತ್ವಜ್ಞಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೇಟೋ, ಅರಿಸ್ಟಾಟಲ್ ಬಗ್ಗೆ ಮಾತು ಬಂದಾಗಲೆಲ್ಲ ನನ್ನ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವನ್ನು ಸ್ನೇಹಿತರು ಕೇಳಿದರು. ಕೆಲವನ್ನು ವರ್ಷಗಟ್ಟಲೆ ನಾನೇ ಕೇಳಿಕೊಂಡೆ. ಉತ್ತರ ಕೆಲವು ಕಡೆ ಉದ್ದವಾಗಿದೆ, ಕೆಲವು ಕಡೆ ನಾಲ್ಕೇ ಸಾಲಿದೆ. ನನಗೆ ಎಲ್ಲಿ ಜಾಸ್ತಿ ಹೇಳಬೇಕು ಅನ್ನಿಸಿತೋ ಅಲ್ಲಿ ನಿಂತಿದ್ದೇನೆ.

ಗ್ರೀಕ್ ತತ್ವಜ್ಞಾನ ಅಂದರೆ ಯಾವ ಕಾಲದ್ದು?

ಸಾಮಾನ್ಯವಾಗಿ ಮಿಲೇಟಸ್ ಊರಿನ ಥೇಲೀಸ್‌ನಿಂದ ಲೆಕ್ಕ ಹಾಕುತ್ತಾರೆ. ಅವನು ಕ್ರಿ.ಪೂ. 6ನೇ ಶತಮಾನದವನು. ಮಿಲೇಟಸ್ ಇವತ್ತಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿತ್ತು. ಕೊನೆಯ ಗುರುತನ್ನು ಕ್ರಿ.ಶ. 529ಕ್ಕೆ ಹಾಕುತ್ತಾರೆ. ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ವಶಾಸ್ತ್ರದ ಪಾಠ ನಿಲ್ಲಿಸಿದ್ದು ಆಗ. ಮಧ್ಯೆ ಸಾವಿರಕ್ಕೂ ಜಾಸ್ತಿ ವರ್ಷ. ಇಲ್ಲಿ ನಾನು ಮಾತಾಡುವುದು ಮುಖ್ಯವಾಗಿ ಸಾಕ್ರಟೀಸ್‌ನಿಂದ ಈಚೆಗಿನ ಕಥೆ. ಪ್ಲೇಟೋ ಸಾಕ್ರಟೀಸನ ಶಿಷ್ಯ, ಅರಿಸ್ಟಾಟಲ್ ಪ್ಲೇಟೋನ ಶಿಷ್ಯ.

ಜ್ಞಾನ, ನೀತಿ, ಸುಖ ಮೂರೂ ಬೇರೆ ಬೇರೆ ವಿಷಯ ಅಲ್ವಾ? ಒಂದೇ ಕಡೆ ಯಾಕೆ?

ನಮ್ಮ ಕಾಲೇಜಿನ ಸಿಲಬಸ್ಸಿನಲ್ಲಿ ಬೇರೆ ಬೇರೆ. ಗ್ರೀಕರಿಗೆ ಹಾಗಿರಲಿಲ್ಲ. ಎಲ್ಲರಿಗೂ ಚೆನ್ನಾಗಿ ಬಾಳಬೇಕು ಅನ್ನುವ ಆಸೆ. ಚೆನ್ನಾಗಿ ಬಾಳುವುದು ಅಂದರೆ ಏನು ಅಂತ ಕೇಳಿದರೆ ಅದು ನೀತಿಯ ಪ್ರಶ್ನೆ. ಅದು ನಿನಗೆ ಹೇಗೆ ಗೊತ್ತು ಅಂತ ಮರುಕ್ಷಣ ಕೇಳಿದರೆ ಅದು ಜ್ಞಾನದ ಪ್ರಶ್ನೆ. ಒಂದರ ಬಾಲ ಹಿಡಿದರೆ ಇನ್ನೆರಡು ಹಿಂದೆಯೇ ಬರುತ್ತವೆ. ಸಾಕ್ರಟೀಸ್ ಬೀದಿಯಲ್ಲಿ ಜನರನ್ನು ನಿಲ್ಲಿಸಿ ಮಾಡಿದ್ದು ಇಷ್ಟೇ. ಧೈರ್ಯವಂತರ ಹತ್ತಿರ ಧೈರ್ಯ ಅಂದರೇನು ಅಂತ ಕೇಳಿದ. ಭಕ್ತರ ಹತ್ತಿರ ಭಕ್ತಿ ಅಂದರೇನು ಅಂತ ಕೇಳಿದ. ಯಾರಿಗೂ ಹೇಳಲಾಗಲಿಲ್ಲ.

ಸಾಕ್ರಟೀಸ್ "ನನಗೆ ಏನೂ ಗೊತ್ತಿಲ್ಲ" ಅಂದಿದ್ದು ನಿಜವಾ?

ಆ ಮಾತು ಹಾಗೇ ಎಲ್ಲೂ ಇಲ್ಲ. ಸಾಕ್ರಟೀಸ್ ಏನನ್ನೂ ಬರೆಯಲೇ ಇಲ್ಲ. ನಮಗೆ ಸಿಗುವುದು ಪ್ಲೇಟೋ, ಕ್ಸೆನೊಫೋನ್, ನಾಟಕಕಾರ ಅರಿಸ್ಟೋಫೇನೀಸ್ ಇವರೆಲ್ಲ ಚಿತ್ರಿಸಿದ ಸಾಕ್ರಟೀಸ್. ಪ್ಲೇಟೋ ಬರೆದ 'ಅಪಾಲಜಿ'ಯಲ್ಲಿ, ಅಂದರೆ ಸಾಕ್ರಟೀಸ್ ನ್ಯಾಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ಕಥೆ ಹೀಗಿದೆ.

ಅವನ ಗೆಳೆಯ ಕೈರೆಫೋನ್ ಡೆಲ್ಫಿಗೆ ಹೋಗಿ ಸಾಕ್ರಟೀಸ್‌ಗಿಂತ ತಿಳಿದವರು ಇದ್ದಾರಾ ಎಂದು ದೈವವಾಣಿಯನ್ನು ಕೇಳಿದ. ಯಾರೂ ಇಲ್ಲ ಅಂತ ಉತ್ತರ ಬಂತು. ಸಾಕ್ರಟೀಸ್‌ಗೆ ದಿಗಿಲಾಯಿತು. ಪರೀಕ್ಷೆ ಮಾಡಲು ಹೊರಟ. ಮೊದಲು ರಾಜಕಾರಣಿಗಳ ಹತ್ತಿರ, ಆಮೇಲೆ ಕವಿಗಳ ಹತ್ತಿರ, ಕೊನೆಗೆ ಕಸುಬುದಾರರ ಹತ್ತಿರ. ಕಸುಬುದಾರರಿಗೆ ನಿಜಕ್ಕೂ ಏನೋ ಗೊತ್ತಿತ್ತು, ಅದನ್ನು ಅವನು ಒಪ್ಪಿಕೊಳ್ಳುತ್ತಾನೆ. ಆದರೆ ತಮ್ಮ ಕಸುಬು ಗೊತ್ತು ಅನ್ನುವ ಕಾರಣಕ್ಕೆ ದೊಡ್ಡ ದೊಡ್ಡ ವಿಷಯಗಳೂ ಗೊತ್ತು ಅಂದುಕೊಂಡಿದ್ದರು. ಸಾಕ್ರಟೀಸ್ ಕೊನೆಗೆ ಹೇಳುವುದು ಇಷ್ಟು: ನನಗೆ ಗೊತ್ತಿಲ್ಲದ್ದನ್ನು ಗೊತ್ತು ಅಂದುಕೊಳ್ಳುವುದಿಲ್ಲ, ಆ ಒಂದು ಎಳೆಯಷ್ಟು ನಾನು ಮುಂದಿದ್ದೇನೆ.

ಇದು ಸುಮ್ನೆ ವಿನಯದ ಮಾತು ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೆ ಖಚಿತವಾಗಿ ಗೊತ್ತಿದ್ದ ವಿಷಯಗಳೂ ಇವೆ. ಅನ್ಯಾಯ ಮಾಡುವುದು ಕೆಟ್ಟದ್ದು ಅಂತ ಅದೇ ಭಾಷಣದಲ್ಲಿ ಎದೆತಟ್ಟಿ ಹೇಳುತ್ತಾನೆ. ಹಾಗೆ ನಡೆದುಕೊಂಡೂ ಇದ್ದಾನೆ. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಮೂವತ್ತು ಜನ ಸರ್ವಾಧಿಕಾರಿಗಳು ಹಿಡಿದರು. ಸಲಾಮಿಸ್‌ನ ಲಿಯೋನ್ ಎಂಬವನನ್ನು ಹಿಡಿದು ತರಲು ಐದು ಜನರಿಗೆ ಅಪ್ಪಣೆ ಮಾಡಿದರು, ಕೊಲ್ಲುವುದಕ್ಕೆ. ನಾಲ್ವರು ಹೋದರು. ಐದನೆಯವನಾದ ಸಾಕ್ರಟೀಸ್ ನೆಟ್ಟಗೆ ಮನೆಗೆ ಹೋದ.

ಸರಿಯಾದ ಉತ್ತರ ಗೊತ್ತಿದ್ದರೆ ಸಾಲದಾ? ಅದೇ ಜ್ಞಾನ ಅಲ್ವಾ?

ಈ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ.

ಸಾಕ್ರಟೀಸ್ ಮತ್ತು ಮೆನೋ ಎಂಬವನ ಮಾತುಕತೆಯಾಗಿ ಪ್ಲೇಟೋ ಬರೆದ 'ಮೆನೋ' ಸಂವಾದದಲ್ಲಿ ಲರಿಸ್ಸಾ ಅನ್ನುವ ಊರಿನ ದಾರಿಯ ಮಾತು ಬರುತ್ತದೆ. ಒಬ್ಬನಿಗೆ ಆ ದಾರಿ ಗೊತ್ತು. ಇನ್ನೊಬ್ಬ ಆ ದಾರಿಯಲ್ಲಿ ಯಾವತ್ತೂ ಹೋದವನಲ್ಲ, ಆದರೆ ಅವನ ಊಹೆ ಸರಿಯಾಗಿದೆ. ಇಬ್ಬರ ಹಿಂದೆ ಹೋದವರೂ ಊರು ಸೇರುತ್ತಾರೆ. ಹಾಗಾದರೆ ಗೊತ್ತಿರುವವನ ಹೆಚ್ಚುಗಾರಿಕೆ ಏನು? ಸಾಕ್ರಟೀಸ್ ಇಲ್ಲಿ ಡೀಡಲಸ್ ಎಂಬ ಪುರಾಣದ ಶಿಲ್ಪಿಯನ್ನು ಎಳೆದು ತರುತ್ತಾನೆ. ಅವನ ವಿಗ್ರಹಗಳಿಗೆ ಎಷ್ಟು ಜೀವಕಳೆ ಅಂದರೆ, ಕಟ್ಟಿಹಾಕದಿದ್ದರೆ ಎದ್ದು ಓಡಿಹೋಗುತ್ತಿದ್ದವಂತೆ. ಸರಿಯಾದ ಊಹೆಯೂ ಹಾಗೇ. ಇರುವಷ್ಟು ಹೊತ್ತು ಚೆನ್ನಾಗಿಯೇ ಇರುತ್ತದೆ, ಆದರೆ ನಿಲ್ಲುವುದಿಲ್ಲ. ದಾರಿಯಲ್ಲಿ ಯಾರೋ ಒಬ್ಬ ಗಟ್ಟಿ ದನಿಯಲ್ಲಿ "ಈ ಕಡೆ ಅಲ್ಲ, ಆ ಕಡೆ" ಅಂದರೆ ಊಹೆ ಮಾಡಿದವನು ತಿರುಗಿಬಿಡುತ್ತಾನೆ. ಯಾಕೆ ಅನ್ನುವ ಕಾರಣದ ಹಗ್ಗದಿಂದ ಕಟ್ಟಿದರೆ ಮಾತ್ರ ಅದು ಜ್ಞಾನವಾಗಿ ನಿಲ್ಲುತ್ತದೆ.

ಇದೇ ಸಂವಾದದಲ್ಲಿ ಮೆನೋನ ಮನೆಯ ಗುಲಾಮ ಹುಡುಗನೊಬ್ಬ ಬರುತ್ತಾನೆ. ಸಾಕ್ರಟೀಸ್ ನೆಲದ ಮೇಲೆ ಒಂದು ಚೌಕ ಬರೆಯುತ್ತಾನೆ. ಬದಿ 2 ಅಡಿ, ಅಂದರೆ ಒಳಗೆ 4 ಚದರ ಅಡಿ. ಇದರ ಎರಡರಷ್ಟು ದೊಡ್ಡ ಚೌಕ ಬೇಕು, 8 ಚದರ ಅಡಿಯದ್ದು. ಬದಿ ಎಷ್ಟಿರಬೇಕು? ಹುಡುಗ ಥಟ್ಟನೆ ಹೇಳುತ್ತಾನೆ, ಎರಡರಷ್ಟು, 4 ಅಡಿ. ಬರೆದು ನೋಡಿದರೆ 16 ಆಗುತ್ತದೆ. ಹಾಗಾದರೆ 3 ಅಡಿ ಅನ್ನುತ್ತಾನೆ. 9 ಆಗುತ್ತದೆ. ಈಗ ಹುಡುಗ ಸೋಲುತ್ತಾನೆ. ದೇವರಾಣೆಗೂ ನನಗೆ ಗೊತ್ತಿಲ್ಲ ಸಾಕ್ರಟೀಸ್ ಅನ್ನುತ್ತಾನೆ.

ಸಾಕ್ರಟೀಸ್ ಅಲ್ಲಿ ನಿಂತು ಮೆನೋನ ಕಡೆ ತಿರುಗುತ್ತಾನೆ. ನೋಡು, ಮೊದಲು ಇವನಿಗೆ ಗೊತ್ತಿರಲಿಲ್ಲ, ಆದರೆ ಗೊತ್ತು ಅಂದುಕೊಂಡಿದ್ದ. ಈಗಲೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಅನ್ನುವುದು ಗೊತ್ತಾಗಿದೆ. ಇವನಿಗೆ ನಷ್ಟ ಆಯಿತಾ? ಆಮೇಲೆ ಮತ್ತೆ ಗೆರೆ ಎಳೆಯುತ್ತಾನೆ. ಚೌಕದ ಮೂಲೆಯಿಂದ ಮೂಲೆಗೆ ಒಂದು ಗೆರೆ. ಆ ಕರ್ಣವನ್ನೇ ಬದಿಯಾಗಿ ಇಟ್ಟುಕೊಂಡರೆ ಸರಿಯಾಗಿ 8 ಬರುತ್ತದೆ. ಹುಡುಗನೇ ಅದನ್ನು ನೋಡಿ ಹೇಳುತ್ತಾನೆ.

ಈ ಪುಟ ಬಂದಾಗ ನಾನು ಈಗಲೂ ಪೆನ್ನು ತೆಗೆದು ಚೌಕ ಬರೆಯುತ್ತೇನೆ. ಉತ್ತರ ಬಾಯಿಪಾಠ ಇದೆ. ಆದರೂ 16 ಚದರ ಅಡಿಯ ಚೌಕದೊಳಗಿನ ನಾಲ್ಕು ಚಿಕ್ಕ ಚೌಕಗಳನ್ನು ಓರೆ ಗೆರೆಗಳು ಅರ್ಧರ್ಧ ಕತ್ತರಿಸುವುದು ಕಣ್ಣಿಗೆ ಕಂಡಾಗ ಸಿಗುವ ಬೆಳಕೇ ಬೇರೆ. ಸಾಕ್ರಟೀಸ್ ಕೂಡ ಹುಡುಗನಿಗೆ ಪೂರ್ತಿ ತಿಳಿಯಿತು ಅನ್ನುವುದಿಲ್ಲ. ಈಗ ಇವನ ತಿಳಿವು ಕನಸಿನ ಹಾಗಿದೆ, ಇದನ್ನೇ ಬೇರೆ ಬೇರೆ ರೀತಿ ಮತ್ತೆ ಮತ್ತೆ ಕೇಳಿದರೆ ಗಟ್ಟಿಯಾಗುತ್ತದೆ ಅನ್ನುತ್ತಾನೆ. ಕಟ್ಟುವುದು ಅಂದರೆ ಇದು. ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ.

ಹಾಗಾದರೆ ಜ್ಞಾನ ಅಂದರೆ ಇದು ಅಂತ ಪ್ಲೇಟೋ ಕೊನೆಗೆ ಹೇಳಿದನಾ?

'ಥಿಯಟೀಟಸ್' ಎಂಬ ಸಂವಾದದಲ್ಲಿ ಇಡೀ ಪ್ರಯತ್ನ ಇದೇ. ಕಣ್ಣಿಗೆ ಕಂಡದ್ದೇ ಜ್ಞಾನವಾ? ಅದೇ ಗಾಳಿ ಒಬ್ಬನಿಗೆ ಚಳಿ, ಇನ್ನೊಬ್ಬನಿಗೆ ಅಲ್ಲ. ನಿಜವಾದ ಅಭಿಪ್ರಾಯ ಜ್ಞಾನವಾ? ಚೆನ್ನಾಗಿ ಮಾತಾಡುವ ವಕೀಲನ ಮಾತಿಗೆ ಮರುಳಾಗಿ ತೀರ್ಪುಗಾರರು ಸರಿಯಾದ ತೀರ್ಪನ್ನೇ ಕೊಟ್ಟುಬಿಡಬಹುದು, ಆದರೆ ನಡೆದದ್ದು ಅವರಿಗೆ ಗೊತ್ತಿಲ್ಲ. ನಿಜವಾದ ಅಭಿಪ್ರಾಯಕ್ಕೆ ವಿವರಣೆ ಸೇರಿಸಿದರೆ? ವಿವರಣೆ ಅಂದರೇನು ಅನ್ನುವಲ್ಲಿ ಮತ್ತೆ ಸಿಕ್ಕು. ಸಂವಾದ ಉತ್ತರ ಇಲ್ಲದೆ ಮುಗಿಯುತ್ತದೆ.

ಓದುಗರಿಗೆ ಇಲ್ಲಿ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಆದರೆ ಇದರಲ್ಲೇ ಸಾಕ್ರಟೀಸ್ ತನ್ನ ತಾಯಿ ಫೆನರೀಟೆ ಸೂಲಗಿತ್ತಿ ಅಂತ ನೆನಪಿಸುತ್ತಾನೆ. ನನ್ನದೂ ಅದೇ ಕಸುಬು, ನಾನು ಹೆರುವವನಲ್ಲ, ಹೆರಿಗೆ ಮಾಡಿಸುವವನು, ಹುಟ್ಟಿದ್ದು ಗಟ್ಟಿ ಕೂಸೋ ಅಲ್ಲವೋ ನೋಡುವವನು ಅನ್ನುತ್ತಾನೆ. ಆ ಪ್ರಶ್ನೆ ಇನ್ನೂ ತಣ್ಣಗಾಗಿಲ್ಲ. 1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ಪ್ರಾಧ್ಯಾಪಕ ಮೂರೇ ಪುಟದ ಲೇಖನದಲ್ಲಿ ಒಂದು ಮಾತು ತೋರಿಸಿದರು. ನಂಬಿಕೆ ನಿಜವಾಗಿದ್ದು, ಅದಕ್ಕೆ ಒಳ್ಳೆಯ ಕಾರಣವೂ ಇದ್ದು, ಆದರೂ ಅದು ಅದೃಷ್ಟಕ್ಕೆ ಸರಿಹೋದದ್ದಾಗಿರಬಹುದು. ಅಲ್ಲಿಂದ ಶುರುವಾದ ಚರ್ಚೆ ಇವತ್ತಿಗೂ ನಡೆಯುತ್ತಿದೆ.

ಗುಹೆಯ ಕಥೆಯ ಅರ್ಥ ಏನು?

ಪ್ಲೇಟೋನ 'ರಿಪಬ್ಲಿಕ್'ನಲ್ಲಿ ಬರುವ ಈ ಕಥೆ ಬಹಳ ಜನರಿಗೆ ಗೊತ್ತು. ಹುಟ್ಟಿದಾಗಿನಿಂದ ಸಂಕೋಲೆಯಲ್ಲಿ ಕೂತವರು ಗೋಡೆಯ ಮೇಲಿನ ನೆರಳನ್ನೇ ನಿಜ ಅಂದುಕೊಂಡಿದ್ದಾರೆ. ಒಬ್ಬ ಬಿಡಿಸಿಕೊಂಡು ಹೊರಗೆ ಹೋಗಿ ಸೂರ್ಯನನ್ನು ನೋಡುತ್ತಾನೆ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಪ್ಲೇಟೋ ನಿಲ್ಲಿಸುವುದಿಲ್ಲ. ಹೊರಗೆ ಹೋದವನು ವಾಪಸು ಒಳಗೆ ಬರಬೇಕು. ಕತ್ತಲೆಗೆ ಅವನ ಕಣ್ಣು ಹೊಂದುವುದಿಲ್ಲ, ಎಡವುತ್ತಾನೆ, ಒಳಗಿದ್ದವರು ನಗುತ್ತಾರೆ. ಬಿಡಿಸಲು ಬಂದರೆ ಕೊಂದೇಬಿಡುತ್ತಾರೆ. ತನ್ನ ಗುರು ಸಾಕ್ರಟೀಸನನ್ನು ಊರೇ ಸೇರಿ ಕೊಂದದ್ದನ್ನು ನೋಡಿದವನು ಬರೆದ ಸಾಲು ಅದು.

ಸಾಕ್ರಟೀಸ್ ಜೈಲಿನಿಂದ ಯಾಕೆ ಓಡಿಹೋಗಲಿಲ್ಲ?

ವಿಚಾರಣೆ ನಡೆದದ್ದು ಕ್ರಿ.ಪೂ. 399ರಲ್ಲಿ. ಊರಿನ ದೇವರನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ ಅನ್ನುವುದು ದೂರು. ತೀರ್ಪುಗಾರರು ಸುಮಾರು 500 ಜನ. 30 ಮತ ಆಚೆಯಿಂದ ಈಚೆಗೆ ಬಂದಿದ್ದರೆ ಬಿಡುಗಡೆ ಆಗುತ್ತಿತ್ತು. ಆದರೆ ಮರಣದಂಡನೆ ಆಯಿತು. ಡೆಲೋಸ್ ದ್ವೀಪಕ್ಕೆ ಹೋದ ಹರಕೆಯ ಹಡಗು ವಾಪಸು ಬರುವವರೆಗೆ ಊರಿನಲ್ಲಿ ಯಾರನ್ನೂ ಕೊಲ್ಲುವ ಹಾಗಿರಲಿಲ್ಲ. ಹಾಗಾಗಿ ಅವನು ಜೈಲಿನಲ್ಲೇ ಇದ್ದ.

ಬೆಳಗಿನ ಜಾವ ಹಳೆಯ ಗೆಳೆಯ ಕ್ರಿಟೋ ಬಂದು ಕೂರುತ್ತಾನೆ. ಸಾಕ್ರಟೀಸ್ ನಿದ್ದೆ ಮಾಡುತ್ತಿದ್ದಾನೆ, ಎಬ್ಬಿಸಲು ಮನಸ್ಸು ಬರುವುದಿಲ್ಲ. ಎದ್ದ ಮೇಲೆ ಹೇಳುತ್ತಾನೆ, ದುಡ್ಡು ಹೊಂದಿಸಿದ್ದೇನೆ, ನಡಿ ಹೋಗೋಣ. ನಿನ್ನ ಮಕ್ಕಳ ಮುಖವಾದರೂ ನೋಡು. ಜನ ನಮ್ಮನ್ನು ಏನಂದಾರು? ಸಾಕ್ರಟೀಸ್ ಕೇಳುವುದು ಒಂದೇ. ಓಡಿಹೋಗುವುದು ಸರಿಯೋ ತಪ್ಪೋ, ಅದನ್ನು ಮೊದಲು ನೋಡೋಣ. ದೊಡ್ಡದು ಬದುಕುವುದಲ್ಲ, ಚೆನ್ನಾಗಿ ಬದುಕುವುದು. ನಮಗೆ ಅನ್ಯಾಯ ಆಯಿತು ಅಂತ ನಾವು ಅನ್ಯಾಯ ಮಾಡಬಹುದಾ?

ಅವನ ಎಲ್ಲ ವಾದ ನನಗೆ ಒಪ್ಪಿಗೆ ಇಲ್ಲ. ಊರಿನ ಕಾನೂನು ತಂದೆತಾಯಿಗಿಂತ ಮೇಲು ಅನ್ನುವ ಮಾತು ನನಗೆ ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಸಾವು ನಾಳೆಯೋ ನಾಡಿದ್ದೋ ಅನ್ನುವಾಗ, ಕಾರಣ ಗಟ್ಟಿ ಇದೆಯಾ ಅಂತ ಕೂತು ನೋಡಿದನಲ್ಲ, ಅದು ದೊಡ್ಡದು.

ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಯಾಕೆ ಮಾಡುತ್ತೇವೆ?

ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅನ್ನುವ ಗಾದೆ ನಮ್ಮಲ್ಲಿದೆ. ಸಾಕ್ರಟೀಸ್ ಇದನ್ನು ಒಪ್ಪುತ್ತಿರಲಿಲ್ಲ. ಬಿದ್ದೆಯಾ, ಹಾಗಾದರೆ ನಿನಗೆ ಬಾವಿ ಕಂಡೇ ಇರಲಿಲ್ಲ ಅನ್ನುತ್ತಿದ್ದ. ಬೇಕು ಅಂತ ಯಾರೂ ಕೆಟ್ಟದ್ದು ಮಾಡುವುದಿಲ್ಲ, ಮಾಡುವ ಗಳಿಗೆಯಲ್ಲಿ ಅದೇ ಒಳ್ಳೆಯದು ಅಂತ ಅನ್ನಿಸಿರುತ್ತದೆ. ಹತ್ತಿರದ ಸುಖ ದೊಡ್ಡದಾಗಿ ಕಾಣುತ್ತದೆ, ದೂರದ ನೋವು ಚಿಕ್ಕದಾಗಿ ಕಾಣುತ್ತದೆ. ಅಳತೆ ತಪ್ಪುತ್ತದೆ.

ಅರಿಸ್ಟಾಟಲ್ ಇದನ್ನು ನೋಡಿ, ಕಣ್ಣಿಗೆ ಕಾಣುವುದಕ್ಕೆ ಇದು ಹೊಂದುವುದಿಲ್ಲವಲ್ಲ ಅಂದ. ಅವನ ಉತ್ತರ ಬಹಳ ಸೂಕ್ಷ್ಮ. ಕುಡಿದವನು ಎಂಪೆಡೊಕ್ಲೀಸನ ಪದ್ಯ ಹೇಳುವುದನ್ನು ನೋಡಿ ಅನ್ನುತ್ತಾನೆ. ಮಾತು ಸರಿಯಾಗಿಯೇ ಬರುತ್ತದೆ, ಅರ್ಥ ಒಳಗೆ ಇಳಿದಿಲ್ಲ. ಆಸೆ ಹತ್ತಿದಾಗ ನಮ್ಮ ತಿಳಿವೂ ಹಾಗೇ ಆಗುತ್ತದೆ. "ಸಕ್ಕರೆ ಒಳ್ಳೇದಲ್ಲ" ಅಂತ ಬಾಯಲ್ಲಿ ಹೇಳುತ್ತಲೇ ಕೈ ಇನ್ನೊಂದು ಮೈಸೂರುಪಾಕಿಗೆ ಹೋಗುತ್ತದೆ. ತಿಳಿವು ನಮ್ಮದಾಗಲು, ಮೈಗೂಡಲು, ಸಮಯ ಬೇಕು ಅನ್ನುತ್ತಾನೆ ಅರಿಸ್ಟಾಟಲ್. ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವವನಾಗುವುದು. ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತನಾಗುವುದು.

ಯುಡೈಮೋನಿಯಾ ಅಂದರೆ ಸುಖವಾ, ಆನಂದವಾ, ನೆಮ್ಮದಿಯಾ?

ಚೆನ್ನಾಗಿ ಬಾಳುವುದಕ್ಕೆ ಗ್ರೀಕರು ಬಳಸಿದ ಮಾತು ಇದು. ಮೂರೂ ಅಲ್ಲ, ಮೂರೂ ಸ್ವಲ್ಪ ಸ್ವಲ್ಪ. ಸುಖ ಅಂದರೆ ಈ ಗಳಿಗೆಯ ಮಾತಾಗುತ್ತದೆ. ಆನಂದ ಅಂದರೆ ನಮ್ಮ ಕಿವಿಗೆ ವೇದಾಂತದ ವಾಸನೆ ಬರುತ್ತದೆ. ನೆಮ್ಮದಿ ಅಂದರೆ ಗದ್ದಲ ಇಲ್ಲದಿದ್ದರೆ ಸಾಕು ಅನ್ನಿಸುತ್ತದೆ. ನನಗೆ ತುಂಬಾ ಹತ್ತಿರ ಅನ್ನಿಸುವುದು ನಮ್ಮ ಹಿರಿಯರ ಹರಕೆಯ ಮಾತು: "ನಿನ್ನ ಬಾಳು ಹಸನಾಗಲಿ." ಹೊಲ ಹಸನು ಮಾಡುವುದು ಅನ್ನುತ್ತೇವಲ್ಲ, ಅದೇ ಮಾತು. ಉಳುಮೆ, ಗೊಬ್ಬರ, ಕಳೆ ಕೀಳುವುದು ಎಲ್ಲ ಅದರಲ್ಲಿದೆ. ಯುಡೈಮೋನಿಯಾ ಒಂದು ಭಾವನೆಯಲ್ಲ, ಇಡೀ ಬಾಳಿನ ಸ್ಥಿತಿ.

ಅರಿಸ್ಟಾಟಲನ 'ನಿಕೊಮೇಕಿಯನ್ ಎಥಿಕ್ಸ್' ಶುರುವಾಗುವುದು ಇಲ್ಲಿಂದಲೇ. ಎಲ್ಲರೂ ಬಯಸುವುದು ಯುಡೈಮೋನಿಯಾ ಅಂತ ಎಲ್ಲರೂ ಒಪ್ಪುತ್ತಾರೆ. ಅದು ಯಾವುದು ಅಂದಾಗ ಜಗಳ. ಕಾಯಿಲೆ ಬಿದ್ದಾಗ ಆರೋಗ್ಯ ಅನ್ನುವವನೇ ಬಡತನ ಬಂದಾಗ ದುಡ್ಡು ಅನ್ನುತ್ತಾನೆ. ಅವನ ಉತ್ತರ ಸುಮಾರಾಗಿ ಹೀಗಿದೆ. ಕೊಳಲು ಊದುವವನ ಒಳ್ಳೆಯತನ ಚೆನ್ನಾಗಿ ಊದುವುದರಲ್ಲಿ. ಮನುಷ್ಯನಿಗೆ ಮನುಷ್ಯನಾಗಿ ಇರುವ ಕೆಲಸ ವಿವೇಕದಿಂದ ನಡೆಯುವುದು. ಅದನ್ನು ಚೆನ್ನಾಗಿ ಮಾಡುತ್ತಾ ಬಾಳುವುದೇ ಹಸನಾದ ಬಾಳು. ಅದೂ ಒಂದೆರಡು ದಿನ ಅಲ್ಲ. ಒಂದು ಕವಲುತೋಕೆ ಹಕ್ಕಿ ಕಂಡರೆ ವಸಂತ ಬಂದ ಹಾಗಲ್ಲ, ಒಂದು ದಿನದಿಂದಲೂ ಅಲ್ಲ ಅನ್ನುತ್ತಾನೆ.

ಆತನ "ಅರೆತೆ" ಎಂಬ ಮಾತನ್ನು ಸದ್ಗುಣ ಅಂತ ಅನುವಾದ ಮಾಡುತ್ತೇವೆ. ಅದು ತಪ್ಪಲ್ಲ, ಆದರೆ ಬಿಗಿ. ಗ್ರೀಕರು ಕುದುರೆಗೂ ಅರೆತೆ ಇದೆ, ಕಣ್ಣಿಗೂ ಇದೆ ಅನ್ನುತ್ತಿದ್ದರು. ಯಾವುದು ತನ್ನ ಕೆಲಸ ಚೆನ್ನಾಗಿ ಮಾಡುವಂತೆ ಆಗುತ್ತದೋ ಆ ಹೆಚ್ಚುಗಾರಿಕೆ.

ಅರಿಸ್ಟಾಟಲನ ಮಧ್ಯಮ ಮಾರ್ಗ ಅಂದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಅಂತಲಾ?

ಮಧ್ಯಮ ಅನ್ನುವ ಅನುವಾದವೇ ದಾರಿ ತಪ್ಪಿಸಿದೆ. ನಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಮಾತಿದೆ. ಹದ. ದೋಸೆ ಹಿಟ್ಟಿನ ಹದ, ಬಿತ್ತನೆಯ ಹದ, ಪಾಕದ ಹದ. ಹದ ಅನ್ನುವುದು ಎರಡು ತುದಿಗಳ ಸರಿಯಾದ ಅರ್ಧ ಅಲ್ಲ. ಅವತ್ತಿನ ಹವೆ, ಅವತ್ತಿನ ಅಕ್ಕಿ ನೋಡಿ ಕೈ ಕಂಡುಕೊಳ್ಳುವುದು.

ಅವನೇ ಕೊಡುವ ಉದಾಹರಣೆ ನೋಡಿ. ಊಟಕ್ಕೆ 10 ಮಿನಾ ತೂಕ ಜಾಸ್ತಿ, 2 ಮಿನಾ ಕಮ್ಮಿ. ಹಾಗಂತ ಗರಡಿಯ ಉಸ್ತಾದ್ ಎಲ್ಲರಿಗೂ 6 ಬಡಿಸುವುದಿಲ್ಲ. ಪೈಲ್ವಾನ್ ಮೈಲೋಗೆ ಅದು ಸಾಲದು, ಈಗಷ್ಟೇ ಗರಡಿಗೆ ಬಂದ ಹುಡುಗನಿಗೆ ಜಾಸ್ತಿ. ಸಿಟ್ಟೂ ಹಾಗೇ. ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಸುಲಭ. ಸರಿಯಾದ ಮನುಷ್ಯನ ಮೇಲೆ, ಸರಿಯಾದ ಹೊತ್ತಿಗೆ, ಸರಿಯಾದಷ್ಟು, ಸರಿಯಾದ ಕಾರಣಕ್ಕೆ ಮಾಡಿಕೊಳ್ಳುವುದು ಕಷ್ಟ. ಕೊಲೆ, ಕಳ್ಳತನಕ್ಕೆ ಹದ ಇಲ್ಲ ಅಂತ ಅವನೇ ಸ್ಪಷ್ಟವಾಗಿ ಹೇಳಿದ್ದಾನೆ. ಹದವಾಗಿ ಕದ್ದೆ ಅನ್ನುವ ಹಾಗಿಲ್ಲ.

ಒಳ್ಳೆಯವನಾಗಿದ್ದರೆ ಸಾಕಾ? ದುಡ್ಡು, ಆರೋಗ್ಯ ಬೇಡವಾ?

ಇಲ್ಲಿ ಮನೆ ಎರಡಾಗುತ್ತದೆ. ಒಳ್ಳೆಯವನಿಗೆ ಬದುಕಿದ್ದಾಗಲೂ ಸತ್ತ ಮೇಲೂ ಕೇಡಿಲ್ಲ ಅಂತ ಸಾಕ್ರಟೀಸ್ ತೀರ್ಪು ಬಂದ ಮೇಲೆ ಹೇಳಿದ. ಆಮೇಲೆ ಬಂದ ಸ್ಟೋಯಿಕ್ ಪಂಥದವರು ಅದನ್ನೇ ಗಟ್ಟಿಯಾಗಿ ಹಿಡಿದರು. ಒಳ್ಳೆಯತನ ಒಂದೇ ಒಳಿತು. ದುಡ್ಡು, ಆರೋಗ್ಯ ಇದ್ದರೆ ಒಳ್ಳೆಯದೇ, ಆರಿಸಿಕೊಳ್ಳಬಹುದು, ಆದರೆ ಬಾಳು ಅದರ ಮೇಲೆ ನಿಂತಿಲ್ಲ. ಅರಿಸ್ಟಾಟಲ್ ಒಪ್ಪಲಿಲ್ಲ. ಟ್ರಾಯ್ ದೊರೆ ಪ್ರಿಯಾಮ್ ಇಡೀ ಬಾಳು ಚೆನ್ನಾಗಿದ್ದು ಮುಪ್ಪಿನಲ್ಲಿ ಮಕ್ಕಳನ್ನೂ ಊರನ್ನೂ ಕಳೆದುಕೊಂಡ. ಅವನನ್ನು ಸುಖಿ ಅಂತ ಯಾರು ಕರೆಯುತ್ತಾರೆ ಅಂತ ಕೇಳಿದ. ಒಳ್ಳೆಯವನು ಅಂಥ ಹೊತ್ತಲ್ಲೂ ಕೀಳಾಗುವುದಿಲ್ಲ, ಆದರೆ ಪೂರ್ತಿ ಸುಖಿಯೂ ಅಲ್ಲ.

ನಾನು ಅರಿಸ್ಟಾಟಲನ ಕಡೆ. ಮಗನನ್ನು ಕಳೆದುಕೊಂಡವರ ಎದುರು ಕೂತು ಸ್ಟೋಯಿಕರ ಮಾತು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಸ್ಟೋಯಿಕರು ಭಾವನೆಗಳನ್ನು ಅದುಮಿಡಿ ಅಂದರಾ?

ಇಲ್ಲ. ಈಗ ಮೊಬೈಲಿನಲ್ಲಿ ಓಡಾಡುವ ಸ್ಟೋಯಿಕ್ ಮಾತುಗಳು ಹಾಗೆ ಅನ್ನಿಸುವಂತೆ ಮಾಡಿವೆ. ಮೂಲ ಪುರುಷ ಝೀನೋ ಸೈಪ್ರಸ್ಸಿನ ಕಿಟಿಯಮ್ ಊರಿನವನು. ಹಡಗು ಮುಳುಗಿ ಅಥೆನ್ಸಿಗೆ ಬಂದ, ಪುಸ್ತಕದಂಗಡಿಯಲ್ಲಿ ಸಾಕ್ರಟೀಸ್ ಬಗ್ಗೆ ಓದುವುದನ್ನು ಕೇಳಿ ಇಂಥವರು ಎಲ್ಲಿ ಸಿಗುತ್ತಾರೆ ಅಂದ, ಅನ್ನುವ ಕಥೆ ಇದೆ. ಸುಮಾರು ಕ್ರಿ.ಪೂ. 300ರಲ್ಲಿ ಚಿತ್ರ ಬಿಡಿಸಿದ ಒಂದು ಪಡಸಾಲೆಯಲ್ಲಿ ಪಾಠ ಶುರು ಮಾಡಿದ. ಆ ಪಡಸಾಲೆಗೆ ಸ್ಟೋವಾ ಅಂತ ಹೆಸರು, ಸ್ಟೋಯಿಕ್ ಅನ್ನುವುದು ಅಲ್ಲಿಂದ ಬಂತು.

ಝೀನೋ ಜ್ಞಾನವನ್ನು ಕೈಯಲ್ಲೇ ತೋರಿಸುತ್ತಿದ್ದ ಅಂತ ರೋಮಿನ ಲೇಖಕ ಸಿಸೆರೋ ಬರೆದಿದ್ದಾನೆ. ಬೆರಳು ಚಾಚಿ ಅಂಗೈ ತೆರೆದು, ಇದು ಮನಸ್ಸಿಗೆ ಬಿದ್ದ ಅಚ್ಚು ಅನ್ನುತ್ತಿದ್ದ. ಬೆರಳು ಸ್ವಲ್ಪ ಮಡಿಸಿ, ಇದು ಒಪ್ಪಿಗೆ. ಪೂರ್ತಿ ಮುಷ್ಟಿ ಕಟ್ಟಿ, ಇದು ಗ್ರಹಿಕೆ. ಆ ಮುಷ್ಟಿಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು, ಇದು ಜ್ಞಾನ. ಮೆನೋ ಸಂವಾದದ ಹಗ್ಗ ಇಲ್ಲಿ ಎಡಗೈ ಆಗಿದೆ ಅಂತ ನನಗೆ ಅನ್ನಿಸುತ್ತದೆ.

ಭಾವನೆಯ ವಿಷಯಕ್ಕೆ ಬಂದರೆ, ಅಂಗೈ ಮತ್ತು ಬೆರಳಿನ ನಡುವಿನ ಆ ಜಾಗವೇ ಅವರಿಗೆ ಮುಖ್ಯ. ಔಲಸ್ ಗೆಲಿಯಸ್ ಎಂಬ ರೋಮ್ ಲೇಖಕ ಒಂದು ಘಟನೆ ಬರೆದಿದ್ದಾನೆ. ಸಮುದ್ರದಲ್ಲಿ ಬಿರುಗಾಳಿ, ಹಡಗಿನಲ್ಲಿದ್ದ ಸ್ಟೋಯಿಕ್ ಗುರುವಿನ ಮುಖವೂ ಬಿಳಿಚಿಕೊಂಡಿತು. ಆಮೇಲೆ ಗೆಲಿಯಸ್ ಕಾರಣ ಕೇಳಿದಾಗ ಆ ಗುರು ಹಿಂದಿನ ಸ್ಟೋಯಿಕ್ ಎಪಿಕ್ಟೀಟಸ್‌ನ ಮಾತು ತೋರಿಸಿದ. ಮೈ ನಡುಗುವುದು, ಮುಖ ಬಿಳಿಚುವುದು ನಮ್ಮ ಕೈಯಲ್ಲಿಲ್ಲ. ಇದು ಭಯಂಕರ ಕೇಡು ಅಂತ ಮನಸ್ಸು ಒಪ್ಪುತ್ತದೆಯೋ ಇಲ್ಲವೋ, ಅದು ನಮ್ಮ ಕೈಯಲ್ಲಿದೆ.

ಎಪಿಕ್ಟೀಟಸ್ ಗುಲಾಮನಾಗಿ ಬದುಕಿದವನು, ಕಾಲು ಕುಂಟು. ಅವನ ಒಂದು ಸಲಹೆ ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಸ್ನಾನದ ಕಟ್ಟಡಕ್ಕೆ ಹೊರಡುವ ಮೊದಲು ಅಲ್ಲಿ ಏನಾಗುತ್ತದೆ ನೆನಪಿಸಿಕೊ. ನೀರು ಎರಚುತ್ತಾರೆ, ತಳ್ಳುತ್ತಾರೆ, ಬೈಯುತ್ತಾರೆ, ಕದಿಯುತ್ತಾರೆ. ಸ್ನಾನವೂ ಆಗಬೇಕು, ನನ್ನ ಮನಸ್ಸೂ ಕೆಡಬಾರದು ಅಂದುಕೊಂಡು ಹೊರಡು. ಬೆಳಗ್ಗೆ ಒಂಬತ್ತು ಗಂಟೆಯ ಸಿಟಿ ಬಸ್ಸು ಹತ್ತುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಎಪಿಕ್ಯೂರಸ್ ಮಜಾ ಮಾಡಿ ಅಂದವನಲ್ವಾ?

ಹೆಸರು ಕೆಟ್ಟಿರುವುದು ಹಾಗೆ. ಸುಖವೇ ಗುರಿ ಅಂತ ಅವನು ಹೇಳಿದ್ದು ನಿಜ. ಆದರೆ ಸುಖದ ತುದಿ ಅಂದರೆ ಮೈಯಲ್ಲಿ ನೋವಿಲ್ಲದಿರುವುದು, ಮನಸ್ಸಿನಲ್ಲಿ ತಳಮಳ ಇಲ್ಲದಿರುವುದು. ಆಸೆಗಳಲ್ಲಿ ಕೆಲವು ಸಹಜ ಮತ್ತು ಬೇಕೇ ಬೇಕು, ಹಸಿದಾಗ ಅನ್ನ ಇದ್ದ ಹಾಗೆ. ಕೆಲವು ಸಹಜ ಆದರೆ ಬೇಕೇ ಬೇಕು ಅಂತಿಲ್ಲ, ಬಗೆಬಗೆಯ ಅಡುಗೆ ಇದ್ದ ಹಾಗೆ. ಕೆಲವು ಎರಡೂ ಅಲ್ಲ. ಕೀರ್ತಿ, ಅಧಿಕಾರ ಇಂಥವು. ಅವಕ್ಕೆ ತಳವೇ ಇಲ್ಲ.

ಅವನು ಗೆಳೆಯನಿಗೆ ಬರೆದ ಒಂದು ಸಾಲು ಉಳಿದಿದೆ. ನನಗೆ ಒಂದು ಸಣ್ಣ ಕುಡಿಕೆ ಚೀಸ್ ಕಳಿಸು, ಬೇಕೆನ್ನಿಸಿದಾಗ ಹಬ್ಬದೂಟ ಮಾಡುತ್ತೇನೆ. ಭೋಗಿ ಅಂತ ಹೆಸರಾದವನ ಹಬ್ಬ ಇಷ್ಟು.

ಸಾವಿನ ಬಗ್ಗೆ ಅವನ ಮಾತು ಪ್ರಸಿದ್ಧ. ನಾವಿರುವಾಗ ಸಾವು ಇಲ್ಲ, ಸಾವು ಬಂದಾಗ ನಾವಿಲ್ಲ. ವಾದ ಗಟ್ಟಿಯಾಗಿದೆ. ನನ್ನ ಸಾವಿನ ಭಯಕ್ಕೆ ಅದು ಔಷಧಿ, ಒಪ್ಪುತ್ತೇನೆ. ನನ್ನವರ ಸಾವಿನ ಭಯಕ್ಕೆ ಅಲ್ಲ.

ಏನೂ ಖಚಿತವಾಗಿ ಗೊತ್ತಾಗುವುದಿಲ್ಲ ಅನ್ನುವವರು ಬದುಕುವುದು ಹೇಗೆ?

ಇವರು ಸಂದೇಹವಾದಿಗಳು. ಮೊದಲಿಗ ಎಲಿಸ್ ಊರಿನ ಪಿರ್ರೋ. ಅವನು ಅಲೆಕ್ಸಾಂಡರನ ದಂಡಿನ ಜೊತೆ ಭಾರತಕ್ಕೆ ಬಂದು ಇಲ್ಲಿನ ಬೆತ್ತಲೆ ಸಾಧುಗಳನ್ನು ಕಂಡಿದ್ದ ಅಂತ ತತ್ವಜ್ಞರ ಬಾಳಿನ ಕಥೆ ಬರೆದ ಡಯೋಜೀನೀಸ್ ಲಾಯರ್ಟಿಯಸ್ ಹೇಳಿದ್ದಾನೆ. ಇವರು ಏನೂ ಗೊತ್ತಾಗುವುದಿಲ್ಲ ಅಂತಲೂ ತೀರ್ಪು ಕೊಡುವುದಿಲ್ಲ. ಎರಡೂ ಕಡೆಯ ವಾದ ಸಮತೂಕ ಇದ್ದಾಗ ತೀರ್ಪನ್ನು ತಡೆಹಿಡಿಯುತ್ತಾರೆ. ಹಸಿವಾದರೆ ಉಣ್ಣುತ್ತಾರೆ, ಊರಿನ ರೂಢಿಯಂತೆ ನಡೆಯುತ್ತಾರೆ, ಕಸುಬು ಕಲಿಯುತ್ತಾರೆ.

ಆಶ್ಚರ್ಯ ಅಂದರೆ ಅಲ್ಲೇ ನೆಮ್ಮದಿ ಸಿಗುತ್ತದೆ ಅನ್ನುತ್ತಾರೆ. ಸೆಕ್ಸ್‌ಟಸ್ ಎಂಪಿರಿಕಸ್ ಎಂಬ ಇದೇ ಪಂಥದ ಲೇಖಕ ಇದಕ್ಕೆ ಚಿತ್ರಕಾರ ಅಪೆಲೀಸನ ಕಥೆ ಹೇಳುತ್ತಾನೆ. ಕುದುರೆಯ ಬಾಯಿನೊರೆ ಎಷ್ಟು ಬರೆದರೂ ಬರಲಿಲ್ಲ. ಬೇಸತ್ತು ಬಣ್ಣ ಒರೆಸುವ ಸ್ಪಂಜನ್ನು ಚಿತ್ರದ ಮೇಲೆ ಎಸೆದ. ಅದು ಬಿದ್ದ ಜಾಗದಲ್ಲಿ ನೊರೆ ಮೂಡಿತ್ತು.

ಹೆಂಗಸರು, ಗುಲಾಮರು ಈ ಕಥೆಯಲ್ಲಿ ಎಲ್ಲಿದ್ದಾರೆ?

ಕಮ್ಮಿ ಇದ್ದಾರೆ, ಅದು ನೋವಿನ ವಿಷಯ. ಪ್ಲೇಟೋನ ಅಕಾಡೆಮಿಯಲ್ಲಿ ಆಕ್ಸಿಯೋಥಿಯಾ, ಲಾಸ್ತೇನಿಯಾ ಎಂಬ ಇಬ್ಬರು ಹೆಂಗಸರು ಕಲಿತರು ಅಂತ ದಾಖಲೆ ಇದೆ. ಹಿಪಾರ್ಕಿಯಾ ಎಂಬಾಕೆ ಸಿರಿವಂತರ ಮನೆ ಬಿಟ್ಟು ಆಸ್ತಿಪಾಸ್ತಿ ಬೇಡ ಅನ್ನುವ ಸಿನಿಕ್ ಪಂಥದ ಕ್ರೇಟೀಸನನ್ನು ಮದುವೆಯಾಗಿ ಅವನ ಜೊತೆ ಬೀದಿಯಲ್ಲೇ ಬಾಳಿದಳು. ಎಪಿಕ್ಯೂರಸ್‌ನ ತೋಟದ ಶಾಲೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗ ಇತ್ತು.

ಇನ್ನೊಂದು ಕಡೆ ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ಬರೆದ. ಹೆಂಗಸರ ವಿವೇಕಕ್ಕೆ ಅಧಿಕಾರ ಇಲ್ಲ ಅಂದ. ಆ ಕಾಲವೇ ಹಾಗಿತ್ತು ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಗುಲಾಮಗಿರಿ ಪ್ರಕೃತಿಗೆ ವಿರುದ್ಧ ಅನ್ನುವವರು ಅವನ ಕಾಲದಲ್ಲೇ ಇದ್ದರು. ಅವರ ವಾದವನ್ನು ಅವನೇ ಉಲ್ಲೇಖಿಸಿದ್ದಾನೆ. ಕೇಳಿಯೂ ಒಪ್ಪಲಿಲ್ಲ. ಚೌಕದ ಲೆಕ್ಕ ಬಿಡಿಸಿದ ಆ ಹುಡುಗನಿಗೂ ಪ್ಲೇಟೋ ಒಂದು ಹೆಸರು ಕೊಡಲಿಲ್ಲ.

ಓದಲು ಎಲ್ಲಿಂದ ಶುರು ಮಾಡಲಿ?

ಗುಹೆಯಿಂದ ಬೇಡ. 'ಅಪಾಲಜಿ' ಮೊದಲು ಓದಿ, ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ 'ಕ್ರಿಟೋ', ಆಮೇಲೆ 'ಮೆನೋ'. ಅರಿಸ್ಟಾಟಲನ ಎಥಿಕ್ಸಿನಲ್ಲಿ ಹತ್ತು ಭಾಗ ಇವೆ. ಮೊದಲು 1 ಮತ್ತು 2, ಅಲ್ಲಿಂದ ನೇರ 8 ಮತ್ತು 9ಕ್ಕೆ ಹೋಗಿ. ಆ ಎರಡು ಭಾಗ ಪೂರ್ತಿ ಸ್ನೇಹದ ಬಗ್ಗೆ. ಎಪಿಕ್ಟೀಟಸ್‌ನ ಕೈಪಿಡಿ ಸಣ್ಣದು, ಅವನ ಶಿಷ್ಯ ಏರಿಯನ್ ಜೋಡಿಸಿದ್ದು.

ಪ್ಲೇಟೋನ ಪುಸ್ತಕದ ಅಂಚಿನಲ್ಲಿ ಪುಟದ ಸಂಖ್ಯೆಗೆ ಸಂಬಂಧ ಇಲ್ಲದ ಅಂಕಿಗಳು ಕಂಡರೆ ಗಾಬರಿ ಬೇಡ. ಅವು 1578ರಲ್ಲಿ ಹೆನ್ರಿ ಎಸ್ಟಿಯೆನ್ ಅಚ್ಚು ಮಾಡಿಸಿದ ಪ್ರತಿಯ ಪುಟಗಳು. ಯಾವ ಭಾಷೆಯ ಅನುವಾದದಲ್ಲಾದರೂ ಅದೇ ಅಂಕಿ ಹಿಡಿದು ಅದೇ ಜಾಗಕ್ಕೆ ಹೋಗಬಹುದು. ಗುಲಾಮ ಹುಡುಗ 'ಮೆನೋ'ದ 82ರಿಂದ 85ರವರೆಗೆ ಇದ್ದಾನೆ. ಲರಿಸ್ಸಾದ ದಾರಿ 97ರಲ್ಲಿದೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಹುಡುಗ ಉತ್ತರ ಹೇಳುವ ಮುಂಚೆ ನೀವೇ ಒಂದು ಸಲ ಆ 8 ಚದರ ಅಡಿಯ ಚೌಕ ಬರೆದು ನೋಡಿ.